ಶಿವಮೊಗ್ಗ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ: ನಮ್ಮ ಮಕ್ಕಳ ಭಯವನ್ನೂ ಸ್ವಲ್ಪ ವಿಚಾರಿಸಿ

ಮಾನ್ಯರೇ, ನಮಸ್ಕಾರ.

ನಾನು ತೀರ್ಥಹಳ್ಳಿ ಕಡೆಯ ಪಿಯು ಉಪನ್ಯಾಸಕಿ. ಮುಂದಕ್ಕೆ ಶಿವಮೊಗ್ಗದಲ್ಲಿ ಓದ್ತೀಯಾ ಅಂತ ಕೇಳಿದರೆ ಎಷ್ಟೋ ಹುಡುಗಿಯರು, 'ಅಲ್ಲಿ ಗಲಾಟೆ ಜಾಸ್ತಿ, ಮನೇಲಿ ಬಿಡಲ್ಲ ಮೇಡಂ' ಅನ್ನುತ್ತಾರೆ. ಆ ಗಲಾಟೆಯನ್ನು ಅವರು ಕಣ್ಣಾರೆ ಕಂಡವರಲ್ಲ. 2022ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿ ನಡೆದ ಹರ್ಷ ಎಂಬ ಯುವಕನ ಕೊಲೆ, ಆಮೇಲಿನ ಕರ್ಫ್ಯೂ, 2023ರ ಅಕ್ಟೋಬರಿನಲ್ಲಿ ಅದೇ ಊರಿನ ರಾಗಿಗುಡ್ಡದ ಕಲ್ಲುತೂರಾಟ, ಎಲ್ಲವೂ ನಡೆದದ್ದೇ. ಆದರೆ ಮಕ್ಕಳಿಗೆ ಸಿಕ್ಕಿದ್ದು ಟಿವಿಯವರು ದಿನವಿಡೀ ತಿರುಗಿಸಿದ ಅದೇ ದೃಶ್ಯ, ಮನೆಯವರ ಗ್ರೂಪಿಗೆ ಬಂದ ವಾಯ್ಸ್ ಮೆಸೇಜ್, ಬಸ್ಸಿನಲ್ಲಿ ಯಾರೋ ಉಪ್ಪುಖಾರ ಹಚ್ಚಿ ಹೇಳಿದ ಮಾತು.

ಟಿವಿ ಹೆಚ್ಚು ನೋಡುವವರಿಗೆ ಲೋಕ ಇರುವುದಕ್ಕಿಂತ ಕ್ರೂರವಾಗಿ ಕಾಣುತ್ತದೆ ಅಂತ ಅಮೆರಿಕದ ಮಾಧ್ಯಮ ಸಂಶೋಧಕ ಜಾರ್ಜ್ ಗರ್ಬ್ನರ್ ದಶಕಗಳ ಹಿಂದೆಯೇ ಹೇಳಿದ್ದರು. ಈಗ ಆ ಟಿವಿ ಮಕ್ಕಳ ಜೇಬಿನಲ್ಲಿದೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ನಂಬಿದ ಜನ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯಲ್ಲಿ ಅಮಾಯಕರನ್ನು ಹೊಡೆದು ಕೊಂದರಲ್ವಾ? ಭಯ ಅಷ್ಟು ದೂರ ಹೋಗಬಲ್ಲದು.

ಹೀಗೆ ಸುದ್ದಿ ಹಬ್ಬಿದಾಗ ಹುಡುಗನಿಗೆ 'ಹುಷಾರು' ಅಂದರೆ ಮುಗಿಯಿತು. ಹುಡುಗಿಗೆ ಸಂಜೆಯ ಟ್ಯೂಷನ್ನೇ ನಿಲ್ಲುತ್ತದೆ. ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದು ಕಾರಣಕ್ಕೆ. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಆರೋಪಿ ಬಹುಪಾಲು ಮಗುವಿಗೆ ಗೊತ್ತಿರುವವನೇ ಅಂತ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳು ಹೇಳುತ್ತಲೇ ಇವೆ. ನಾವು ಮಾತ್ರ ಊರಿಗೆ ಬಂದ ಅಪರಿಚಿತರನ್ನು ತೋರಿಸಿ ಹೆದರಿಸುತ್ತೇವೆ. ಮನೆಗೆ ಬಂದುಹೋಗುವ ನೆಂಟನ ಬಗ್ಗೆ ಆ ಮಗು ಯಾರ ಹತ್ತಿರ ಬಾಯಿಬಿಡಬೇಕು?

ಮಕ್ಕಳನ್ನು ಠಾಣೆಗೆ ಕರೆಸುವ ನಿಮ್ಮ ಇಲಾಖೆಯ 'ತೆರೆದ ಮನೆ' ಕಾರ್ಯಕ್ರಮ ಒಳ್ಳೆಯದು. ಅದರಲ್ಲಿ ಠಾಣೆ ತೋರಿಸಿ, ತುರ್ತು ಸಹಾಯದ 112, ಮಕ್ಕಳ ಸಹಾಯವಾಣಿಯ 1098 ನಂಬರ್ ಹೇಳಿ ಕಳಿಸಿದರೆ ಸಾಲದು. ಮಕ್ಕಳು ಮಾತಾಡಲಿ, ನಿಮ್ಮವರು ಕೇಳಿಸಿಕೊಳ್ಳಲಿ. ಕಾಲೇಜಿಗೆ ಬಂದಾಗ ಕೊಲೆ, ಅಪಘಾತದ ವಿಡಿಯೊ ತೋರಿಸಿ ಎಚ್ಚರಿಸುವುದು ಬೇಡ, ದಯವಿಟ್ಟು. ಎಲ್ಲಾದರೂ ಗಲಾಟೆ ಆದರೆ ಏನಾಯಿತು, ಎಲ್ಲಿ ಆಯಿತು, ಯಾವ ಸುದ್ದಿ ಸುಳ್ಳು ಅನ್ನುವುದನ್ನು ಅದೇ ದಿನ ಸರಳ ಕನ್ನಡದಲ್ಲಿ ಶಾಲೆ ಕಾಲೇಜುಗಳಿಗೆ ತಿಳಿಸಿ. ನೀವು ಸುಮ್ಮನಿದ್ದಷ್ಟು ಹೊತ್ತು ವದಂತಿಯೇ ಮಾತಾಡುತ್ತದೆ.

ಭಯಕ್ಕೆ ನಿಜವಾದ ಕಾರಣಗಳೂ ಇವೆ. ದೀಪವಿಲ್ಲದ ಬಸ್ ಸ್ಟಾಪು, ತೋಟದ ನಡುವಿನ ಒಂಟಿ ದಾರಿ, ಹುಡುಗಿಯರನ್ನು ಚುಡಾಯಿಸುವವರು ನಿಲ್ಲುವ ತಿರುವು. ಇವು ಯಾವುವು ಅಂತ ಮಕ್ಕಳಿಗೆ ಗೊತ್ತು. ಬೀಟ್ ಪೊಲೀಸರನ್ನು ಒಂದು ದಿನ ನಮ್ಮ ಕಾಲೇಜಿಗೆ ಕಳಿಸಿ, ಮಕ್ಕಳಿಂದಲೇ ಪಟ್ಟಿ ಮಾಡಿಸಿಕೊಡುತ್ತೇನೆ.

ಇತಿ,
ತೀರ್ಥಹಳ್ಳಿ ತಾಲೂಕಿನ ಒಬ್ಬ ಉಪನ್ಯಾಸಕಿ