ಮಗಳಿಗೊಂದು ಪತ್ರ: ಸ್ಲ್ಯಾಷರ್ ಕಟ್ಟುವ ಮೊದಲು

ತಿಪಟೂರು

ಪ್ರೀತಿಯ ಪುಟ್ಟಿ,

ದಸರಾ ರಜೆಗೆ ಬಂದಾಗ ತೋಟದ ಹುಲ್ಲು ನಾನೇ ಹೊಡೆಯುತ್ತೇನೆ ಅಂದೆಯಲ್ಲ, ಫೋನಿನಲ್ಲಿ ಸುಮ್ನೆ ಹೂಂ ಅಂದುಬಿಟ್ಟೆ. ನಿಮ್ಮಮ್ಮ ಪಕ್ಕದಲ್ಲೇ ಇದ್ದಳು. ಅದಕ್ಕೇ ಈ ಕಾಗದ.

ಉತ್ತರೆ ಮಳೆ ಚೆನ್ನಾಗಿ ಬಂತು. ತೆಂಗಿನ ಸಾಲಿನ ನಡುವೆ ಹುಲ್ಲು ಮೊಣಕಾಲು ಮುಟ್ಟಿದೆ. ಮೊದಲಾಗಿದ್ದರೆ ಮಣ್ಣು ಅಗೆದು ಪುಡಿ ಮಾಡುವ ರೋಟವೇಟರ್ ಹೊಡೆಸಿ ನೆಲ ನುಣ್ಣಗೆ ಮಾಡುತ್ತಿದ್ದೆ. ನೋಡೋಕೆ ಚೆಂದ. ಆದರೆ ತೆಂಗಿನ ಬೇರು ಜಾಸ್ತಿ ಆಳಕ್ಕಿಳಿಯದೆ ಮೇಲೇ ಹರಡಿರುತ್ತದೆ. ಹುಲ್ಲಿನ ಜೊತೆ ಅದನ್ನೂ ಕಡಿಯುತ್ತಿದ್ದೆ ಅಂತ ತಡವಾಗಿ ತಿಳಿಯಿತು. ಟ್ರ್ಯಾಕ್ಟರ್ ಹಿಂದೆ ಕಟ್ಟಿ ಹುಲ್ಲು ಹೊಡೆಯುವ ಈ ಸ್ಲ್ಯಾಷರ್ ನೆಲ ಮುಟ್ಟುವುದಿಲ್ಲ. ನಾಲ್ಕೈದು ಇಂಚು ಬಿಟ್ಟು ಕತ್ತರಿಸುತ್ತದೆ, ಬಿದ್ದ ಹುಲ್ಲು ಅಲ್ಲೇ ಹೊದಿಕೆ. ಕಾಂಗ್ರೆಸ್ ಗಿಡ ಮಾತ್ರ ಹೂ ಬಿಡುವ ಮೊದಲೇ ಹೊಡೆಯಬೇಕು. ಬೀಜ ಕಟ್ಟಿದ ಮೇಲೆ ಹೊಡೆದರೆ ನಾವೇ ಬಿತ್ತಿದ ಹಾಗೆ.

ಟ್ರ್ಯಾಕ್ಟರ್ ನಿನಗೆ ಹೊಸದಲ್ಲ. ನಿಧಾನ ಬೇಕಾದರೆ ಗೇರ್ ಇಳಿಸು, ಆಕ್ಸಿಲರೇಟರ್ ಇಳಿಸಬೇಡ. ಇಂಜಿನ್ನಿನ ಬಲವನ್ನು ಶಾಫ್ಟಿನ ಮೂಲಕ ಸ್ಲ್ಯಾಷರಿಗೆ ಕೊಡುವ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಬೇಕು. ಕಮ್ಮಿಯಾದರೆ ಬ್ಲೇಡು ಹುಲ್ಲನ್ನು ಕತ್ತರಿಸದೆ ಜಜ್ಜಿ ಹಾಕುತ್ತದೆ. ಬ್ಲೇಡುಗಳು ಬೋಲ್ಟಿನ ಮೇಲೆ ಸಡಿಲವಾಗಿ ಆಡುತ್ತವೆ, ಕಲ್ಲು ತಾಗಿದರೆ ಹಿಂದಕ್ಕೆ ಸರಿಯುತ್ತವೆ. ಬ್ಲೇಡು ಉಳಿಯುತ್ತದೆ, ಕಲ್ಲು ಗುಂಡಿನ ಹಾಗೆ ಹಾರುತ್ತದೆ. ಹತ್ತಿರ ಯಾರೂ ನಿಲ್ಲಬಾರದು, ನಮ್ಮ ಕರಿಯನನ್ನೂ ಕಟ್ಟಿ ಹಾಕಿಸು. ಮೊದಲು ಒಂದು ಸಲ ಸಾಲೆಲ್ಲ ನಡೆದು ಬಾ. ಕಲ್ಲು, ಬುರುಡೆ, ಒಣಮಟ್ಟೆ ಆಚೆ ಹಾಕು. ಡ್ರಿಪ್ ಪೈಪು ಮರದ ಬುಡಕ್ಕೆ ಎಳೆದಿಡು.

ಹೋದ ವರ್ಷ ನಾನು ಪೈಪು ಎಳೆದಿಡಲಿಲ್ಲ. ಬ್ಲೇಡಿಗೆ ಸುತ್ತಿಕೊಂಡಿತು. ಪಿಟಿಒ ಆಫ್ ಮಾಡಿದೆ, ಇಂಜಿನ್ ಆಫ್ ಮಾಡಲಿಲ್ಲ, ಇಳಿದು ಬಗ್ಗಿದೆ. ಆಫ್ ಮಾಡಿದರೂ ಆ ಭಾರದ ಬ್ಲೇಡು ತಕ್ಷಣ ನಿಲ್ಲುವುದಿಲ್ಲ, ಜೊತೆಗೆ ಶಾಫ್ಟೂ ತಿರುಗುತ್ತಿರುತ್ತದೆ. ಶಾಫ್ಟಿನ ಕವರು ಒಡೆದು ವರ್ಷವಾಗಿತ್ತು, ನಾಳೆ ನಾಳೆ ಅಂತ ಹಾಕಿಸಿರಲಿಲ್ಲ. ಪಂಚೆಯ ಚುಂಗು ಸಿಕ್ಕಿಕೊಂಡಿತು. ಹಳೇ ಪಂಚೆ, ಪರ್‍ರನೆ ಹರಿದು ಹೋಯಿತು. ಹೊಸದಾಗಿದ್ದರೆ ನನ್ನ ಕಾಲನ್ನೂ ಎಳೆದುಕೊಳ್ಳುತ್ತಿತ್ತು. ಹತ್ತು ನಿಮಿಷ ಮರಕ್ಕೊರಗಿ ಕೂತಿದ್ದೆ. ನಿಮ್ಮಮ್ಮನಿಗೆ ಬೇಲಿಗೆ ಸಿಕ್ಕಿ ಹರಿಯಿತು ಅಂದೆ.

ಈಗ ಕವರು ಹೊಸದು ಹಾಕಿಸಿದ್ದೇನೆ. ದುಪಟ್ಟಾ ಬೇಡ, ಜಡೆ ಮೇಲಕ್ಕೆ ಸುತ್ತಿ ಕಟ್ಟು. ಇಳಿಯುವಾಗ ಇಂಜಿನ್ ನಿಲ್ಲಿಸಿ ಕೀ ಜೇಬಿಗೆ ಹಾಕಿಕೋ. ಬ್ಲೇಡು ನಿಂತಿದ್ದು ಕಣ್ಣಾರೆ ಕಂಡ ಮೇಲೇ ಹತ್ತಿರ ಹೋಗು.

ಬರುವಾಗ ಈ ಕಾಗದ ಬ್ಯಾಗಿನಲ್ಲಿ ತರಬೇಡ. ಬಟ್ಟೆ ಒಗೆಯೋಕೆ ಅಂತ ನಿಮ್ಮಮ್ಮ ಬ್ಯಾಗೆಲ್ಲ ಸುರಿಯುತ್ತಾಳೆ.

ನಿನ್ನ
ಅಪ್ಪ