ಲಂಪಾಂಗಿನ ಕುದುರೆಗಾಡಿ, ನಮ್ಮೂರಿನ ಟಾಂಗಾ

ಸಂಪಾದಕರಿಗೆ,

ಮಾನ್ಯರೇ,

ಹೋದ ವಾರ ಇದೇ ಅಂಕಣದಲ್ಲಿ ನಮ್ಮ ವಿಜಯಪುರದ ಓದುಗರೊಬ್ಬರು ನಗರದಿಂದ ಟಾಂಗಾಗಳನ್ನು ಪೂರ್ತಿ ತೆಗೆದುಬಿಡಬೇಕೆಂದು ಬರೆದಿದ್ದರು. ಎರಡು ಕಾರಣ ಕೊಟ್ಟಿದ್ದರು: ಸಂಚಾರಕ್ಕೆ ಅಡ್ಡಿ, ಕುದುರೆಗೆ ಹಿಂಸೆ. ಮೊದಲನೆಯದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗುವುದಿಲ್ಲ. ಸಂಜೆ ಆರರ ಹೊತ್ತಿಗೆ ಗಾಂಧಿ ಚೌಕದಲ್ಲಿ ಹತ್ತು ನಿಮಿಷ ನಿಂತವರಿಗೆ ಅಡ್ಡಿ ಯಾವುದೆಂದು ತಾನಾಗಿಯೇ ತಿಳಿಯುತ್ತದೆ. ಅದಕ್ಕೆ ನಾಲ್ಕು ಕಾಲು ಇರುವುದಿಲ್ಲ. ಎರಡನೆಯ ಮಾತು ಮಾತ್ರ ನನ್ನ ಕಸುಬಿಗೆ ಸೇರಿದ್ದು. ಪಶು ವೈದ್ಯಕೀಯ ಪರೀಕ್ಷಕನಾಗಿ 31 ವರ್ಷ ದುಡಿದು ನಿವೃತ್ತನಾದವನು ನಾನು. ಎಮ್ಮೆಯ ಕೆಚ್ಚಲು, ಎತ್ತಿನ ಹೆಗಲು, ಕುದುರೆಯ ಗೊರಸು ಇವುಗಳನ್ನು ನೋಡಿದಷ್ಟು ಮನುಷ್ಯರ ಮುಖಗಳನ್ನು ನೋಡಿಲ್ಲ. ಟಾಂಗಾದವರು ನನ್ನನ್ನು ಇಂದಿಗೂ 'ಡಾಕ್ಟರ್ ಸಾಹೇಬರು' ಎನ್ನುತ್ತಾರೆ. ನಾನು ಡಾಕ್ಟರ್ ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದೇನೆ.

ಆ ಪತ್ರ ಓದಿದಾಗ ನಾನು ಥಾಯ್ಲೆಂಡಿನಿಂದ ಮರಳಿ ಇನ್ನೂ ಹತ್ತು ದಿನವಾಗಿತ್ತು. ಮಗಳು ಮತ್ತು ಅಳಿಯ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ನೋಡಲು ಹೊರಟವರು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಲ್ಲಿಂದ ಲಂಪಾಂಗ್ ಎಂಬ ಪ್ರಾಂತ್ಯಕ್ಕೆ ಒಂದು ದಿನವಾದರೂ ಹೋಗಲೇಬೇಕೆಂದು ಹಟ ಹಿಡಿದವನು ನಾನೇ. ಆನೆಗಳಿಗೆಂದೇ ಕಟ್ಟಿದ ಆಸ್ಪತ್ರೆ ಆ ಪ್ರಾಂತ್ಯದಲ್ಲಿದೆ ಎಂದು ನೌಕರಿಯಲ್ಲಿದ್ದಾಗ ಓದಿದ್ದೆ. ರೈಲಿನಲ್ಲಿ ಹೋದೆವು. ದಾರಿಯಲ್ಲಿ ಖುನ್ ತಾನ್ ಬೆಟ್ಟದೊಳಗೆ 1,352 ಮೀಟರ್ ಉದ್ದದ ಸುರಂಗವಿದೆ. ಡಬ್ಬಿಯೊಳಗೆ ಕತ್ತಲೆಯಾದ ಕೂಡಲೇ ಎಲ್ಲ ಮಕ್ಕಳೂ ಒಟ್ಟಿಗೆ ಕೂಗಿದರು. ಮಕ್ಕಳು ಎಲ್ಲ ದೇಶದಲ್ಲಿಯೂ ಒಂದೇ.

ಲಂಪಾಂಗ್ ನಿಲ್ದಾಣದಿಂದ ಊರೊಳಗೆ ಬಂದು ಒಂದು ತಿರುವು ದಾಟಿದಾಗ ಕಿವಿಗೆ ಬಿದ್ದ ಸದ್ದಿಗೆ ನನ್ನ ಕಾಲು ತಾನಾಗಿ ನಿಂತಿತು. ಟಾರು ರಸ್ತೆಯ ಮೇಲೆ ಲಾಳದ ಸದ್ದು. ಸಾಲಾಗಿ ಕುದುರೆಗಾಡಿಗಳು ನಿಂತಿದ್ದವು. ನಮ್ಮ ಟಾಂಗಾಕ್ಕೆ ಎರಡು ಗಾಲಿ, ಅಲ್ಲಿನದಕ್ಕೆ ನಾಲ್ಕು. ಮುಂದಿನವು ಸಣ್ಣವು, ಹಿಂದಿನವು ದೊಡ್ಡವು. ಗಾಡಿಗೆಲ್ಲ ಬಣ್ಣದ ಹೂವು ಸಿಕ್ಕಿಸಿದ್ದರು. ಗಾಡಿ ಹೊಡೆಯುವವನ ತಲೆಯ ಮೇಲೆ ಅಗಲ ಅಂಚಿನ ಟೊಪ್ಪಿಗೆ. ಈ ಊರಿಗೆ ರೈಲು ಬಂದದ್ದು 1916ರಲ್ಲಿ; ನಿಲ್ದಾಣದಿಂದ ಜನರನ್ನು ಊರೊಳಗೆ ಸಾಗಿಸಲು ಕುದುರೆಗಾಡಿ ಬಂದದ್ದೂ ಅದೇ ಸುಮಾರಿಗೆ. ನಮ್ಮಲ್ಲಿಯೂ ಟಾಂಗಾ ಎಂದರೆ ಮೊದಲು ನೆನಪಾಗುವುದು ಸ್ಟೇಷನ್ನೇ ಅಲ್ಲವೇ? ಉಳಿದ ಊರುಗಳಲ್ಲಿ ಮೋಟಾರು ಬಂದು ಕುದುರೆ ಹೋಯಿತು. ಲಂಪಾಂಗಿನಲ್ಲಿ ಉಳಿಯಿತು, ಈಗ ಅದೇ ಆ ಊರಿನ ಗುರುತು.

ಮಗಳು ಚೌಕಾಸಿಗೆ ಸಿದ್ಧಳಾಗಿ ಮುಂದೆ ಹೋದಳು. ಅದಕ್ಕೆ ಎಡೆಯೇ ಇರಲಿಲ್ಲ. ಅರ್ಧ ಗಂಟೆಯ ಸುತ್ತಿಗೆ ಇಷ್ಟು, ಒಂದು ಗಂಟೆಗೆ ಇಷ್ಟು ಎಂದು ಬರೆದ ಹಲಗೆಯನ್ನು ಗಾಡಿಯವನು ಬೆರಳಿನಿಂದ ತೋರಿಸಿದ. ಅರ್ಧ ಗಂಟೆಗೆ ಮುನ್ನೂರು ಬಾತ್ ಕೊಟ್ಟು ಹತ್ತಿದೆವು. ವಾಂಗ್ ನದಿಯ ದಂಡೆಯ ಹಳೆಯ ಪೇಟೆ, ಸಾಗುವಾನಿ ವ್ಯಾಪಾರದ ಕಾಲದಲ್ಲಿ ಬರ್ಮಾದವರೂ ಚೀನಾದವರೂ ಕಟ್ಟಿಸಿದ ಅಂಗಡಿ ಮನೆಗಳು, 1917ರ ಬಿಳಿಯ ಸೇತುವೆ ಎಲ್ಲವನ್ನೂ ಕುದುರೆಯ ನಡಿಗೆಯ ಲೆಕ್ಕದಲ್ಲಿ ನೋಡಿದೆವು. 1895ರಲ್ಲಿ ಕಟ್ಟಿದ, 116 ಸಾಗುವಾನಿ ಕಂಬಗಳ ಮೇಲೆ ನಿಂತ ಮನೆಯೊಂದಿದೆ. ಅಳಿಯ ಕಂಬಗಳನ್ನು ಎಣಿಸಲು ತೊಡಗಿ ನಲವತ್ತಕ್ಕೆ ಕೈಬಿಟ್ಟ.

ಸುತ್ತು ಮುಗಿದ ಮೇಲೆ ನಾನು ಕುದುರೆಯ ಮುಂಗಾಲು ಎತ್ತಿ ನೋಡಿದೆ. ಗಾಡಿಯವನಿಗೆ ಮೊದಲು ಗಾಬರಿಯಾಯಿತು. ಎತ್ತಿದ ರೀತಿ ನೋಡಿ ನಕ್ಕ. ನನಗೆ ಥಾಯ್ ಬಾರದು, ಅವನಿಗೆ ಕನ್ನಡ ಬಾರದು, ಗೊರಸಿಗೆ ಎರಡೂ ಬೇಡ. ಲಾಳ ಸರಿಯಾಗಿ ಕೂತಿತ್ತು, ಮೊಳೆಗಳು ಸಮ, ಗೊರಸಿನ ಅಂಚು ಅರದಿಂದ ಉಜ್ಜಿದ್ದು. ಆ ಊರಿನಲ್ಲಿ ಈ ಸಣ್ಣ ಕುದುರೆಗಳ ಆರೈಕೆಗೆಂದೇ ಒಂದು ಪ್ರತಿಷ್ಠಾನವಿದೆ, ಅದನ್ನು ಕಟ್ಟಿದವರು ಪಶುವೈದ್ಯರು ಎಂದು ಆಮೇಲೆ ತಿಳಿಯಿತು. ಎಲ್ಲವೂ ಚೆನ್ನಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಸಾಲಿನ ಕೊನೆಯಲ್ಲಿದ್ದ ಕಂದು ಕುದುರೆಯ ಎದೆಯ ಮೇಲೆ ಪಟ್ಟಿ ತಿಕ್ಕಿ ಹುಣ್ಣಾಗಿತ್ತು, ಅದನ್ನು ಅಂದು ಗಾಡಿಗೆ ಕಟ್ಟಬಾರದಿತ್ತು. ಹತ್ತಿದವರಲ್ಲಿ ಊರಿನವರು ಯಾರೂ ಇರಲಿಲ್ಲ, ಎಲ್ಲರೂ ನಮ್ಮಂಥ ಪ್ರವಾಸಿಗರೇ.

ಮರುದಿನ ಹಾಂಗ್ ಚಾಟ್ ಎಂಬಲ್ಲಿರುವ ಆನೆ ಕೇಂದ್ರಕ್ಕೆ ಹೋದೆವು. ಈ ಪತ್ರ ಬರೆಯಲು ನಿಜವಾದ ಕಾರಣ ಅದೇ. ಲಂಪಾಂಗಿನ ಕಾಡುಗಳಲ್ಲಿ ಸಾಗುವಾನಿ ದಿಮ್ಮಿ ಎಳೆಯುತ್ತಿದ್ದದ್ದು ಆನೆಗಳು. ಮರಿಯಾನೆಗಳಿಗೆ ಆ ಕೆಲಸ ಕಲಿಸಲು 1969ರಲ್ಲಿ ಸರ್ಕಾರವೇ ಒಂದು ಶಾಲೆ ತೆರೆದಿತ್ತು. 1988ರ ಕೊನೆಯಲ್ಲಿ ದಕ್ಷಿಣ ಥಾಯ್ಲೆಂಡಿನಲ್ಲಿ ದೊಡ್ಡ ಪ್ರವಾಹ ಬಂದು, ಬೆಟ್ಟದ ಮೇಲಿನ ದಿಮ್ಮಿಗಳೆಲ್ಲ ಮಣ್ಣಿನೊಂದಿಗೆ ಊರುಗಳ ಮೇಲೆ ಜಾರಿ ನೂರಾರು ಜನ ಸತ್ತರು. 1989ರಲ್ಲಿ ಕಾಡಿನಲ್ಲಿ ಮರ ಕಡಿಯುವುದನ್ನೇ ಸರ್ಕಾರ ನಿಷೇಧಿಸಿತು. ಕಾಡಿಗೆ ಒಳ್ಳೆಯದಾಯಿತು. ಆನೆಗೆ ಮತ್ತು ಮಾವುತನಿಗೆ ಮಾತ್ರ ಒಂದೇ ಆಜ್ಞೆಯಿಂದ ಕೆಲಸ ಹೋಯಿತು. ದಿನಕ್ಕೆ ಎರಡು ಕ್ವಿಂಟಲ್ ಮೇವು ತಿನ್ನುವ ಪ್ರಾಣಿಯನ್ನು ಕೆಲಸವಿಲ್ಲದೆ ಮನೆಯ ಮುಂದೆ ಕಟ್ಟಿಕೊಂಡವನ ಪಾಡನ್ನು ಊಹಿಸಿ. ಎಷ್ಟೋ ಮಾವುತರು ಆನೆಯನ್ನು ಬ್ಯಾಂಕಾಕಿನ ಬೀದಿಗಳಿಗೆ ಕರೆದೊಯ್ದು ಬಾಳೆಹಣ್ಣು ಮಾರಿ ಭಿಕ್ಷೆಗೆ ನಿಂತರು. ಇನ್ನು ಕೆಲವರು ಗಡಿಯಾಚೆಯ ಬರ್ಮಾದ ಕಡೆ ದಿಮ್ಮಿ ಎಳೆಯಲು ಹೋದರು, ಅಲ್ಲಿ ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೇಲೆ ಆನೆಗಳು ಕಾಲಿಟ್ಟವು.

ಮೊತಾಲಾ ಎಂಬ ಹೆಣ್ಣಾನೆ 1999ರಲ್ಲಿ ಹಾಗೆಯೇ ಮುಂಗಾಲಿನ ಪಾದ ಕಳೆದುಕೊಂಡಿತು. ಕೇಂದ್ರದ ಪಕ್ಕದಲ್ಲಿರುವ, 1993ರಲ್ಲಿ ಶುರುವಾದ ಆನೆ ಆಸ್ಪತ್ರೆಯಲ್ಲಿ ಅದಕ್ಕೆ ಚಿಕಿತ್ಸೆಯಾಯಿತು. ಹತ್ತು ವರ್ಷದ ಮೇಲೆ, 2009ರಲ್ಲಿ, ಕೃತಕ ಕಾಲು ಕೂಡಿಸಿದರು. ನಾನು ನೌಕರಿಯ ಕಾಲದಲ್ಲಿ ಕಾಲು ಮುರಿದ ಎತ್ತಿಗೆ ಬಿದಿರಿನ ಸೀಳು ಕಟ್ಟಿ, ಇಪ್ಪತ್ತೊಂದು ದಿನ ದೇವರ ಮೇಲೆ ಭಾರ ಹಾಕಿದವನು. ಮೂರು ಟನ್ನಿನ ಪ್ರಾಣಿಯನ್ನು ಮೂರು ಕಾಲಿನ ಮೇಲೆ ಹತ್ತು ವರ್ಷ ಬದುಕಿಸಿಕೊಂಡವರ ಮುಂದೆ ನನ್ನದು ಯಾವ ಲೆಕ್ಕ? ಉಳಿದ ಕಾಲುಗಳ ಕೀಲು ಸವೆಯದಂತೆ, ಒಂದೇ ಮಗ್ಗುಲಿಗೆ ಭಾರ ಬಿದ್ದು ಬೆನ್ನು ವಾಲದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಅದೇ ಕೇಂದ್ರದಲ್ಲಿ ಲದ್ದಿಯಿಂದ ಕಾಗದ ಮಾಡಿ ಮಾರುತ್ತಾರೆ. ಈ ಪತ್ರದ ಕರಡು ಬರೆದದ್ದು ಆ ಕಾಗದದ ಮೇಲೆಯೇ. ವಾಸನೆ ಇಲ್ಲ, ಹೆದರಬೇಡಿ.

ಕೆಲಸ ಕಳೆದುಕೊಂಡ ಪ್ರಾಣಿ ಎಲ್ಲಿಗೆ ಹೋಗಬೇಕು ಎಂಬುದನ್ನು ಅವರು ಯೋಚಿಸಿದರು, ತಡವಾಗಿಯಾದರೂ. ಟಾಂಗಾ ತೆಗೆಯಿರಿ ಎಂದು ಬರೆದ ಓದುಗರು ಅದನ್ನು ಯೋಚಿಸಿದ್ದಾರೆಯೇ? ಟಾಂಗಾ ನಿಂತರೆ ಕುದುರೆಗೆ ಪಿಂಚಣಿ ಬರುವುದಿಲ್ಲ. ಅದು ಮಾರಾಟವಾಗುತ್ತದೆ. ವರ್ಷಗಳ ಹಿಂದೆ ಸ್ಟೇಷನ್ ಕಡೆಯ ಒಬ್ಬ ಹಿರಿಯರು ಆಟೋಗಳ ಪೈಪೋಟಿ ತಾಳಲಾರದೆ ಟಾಂಗಾ ಬಿಟ್ಟರು. ಅವರ ಬಿಳಿ ಹೆಣ್ಣು ಕುದುರೆಗೆ ಲಾಳ ಕಟ್ಟುವಾಗ ನಾನೇ ಎಷ್ಟೋ ಸಲ ಕಾಲು ಹಿಡಿದಿದ್ದೆ. ಕೊಂಡವನು ಇಟ್ಟಿಗೆ ಭಟ್ಟಿಯವನು. ಎರಡು ವರ್ಷಕ್ಕೆ ಅವನೂ ಬಿಟ್ಟ. ಆಮೇಲೆ ಅದನ್ನು ನಾನು ಕಂಡದ್ದು ಊರ ಹೊರಗಿನ ಕಸದ ಗುಡ್ಡೆಯ ಬಳಿ. ಹೊಟ್ಟೆಶೂಲೆಯಿಂದ ಹೊರಳಾಡುತ್ತಿತ್ತು, ರಾತ್ರಿಯೇ ಸತ್ತಿತು. ಮರುದಿನ ಕೊಯ್ದು ನೋಡಿದಾಗ ಕರುಳಿನಲ್ಲಿ ಪ್ಲಾಸ್ಟಿಕ್ ಚೀಲಗಳ ಉಂಡೆ. ಹಿಂಸೆ ಎಂಬ ಮಾತನ್ನು ನಾನು ಈ ಉಂಡೆಯಿಂದ ಅಳೆಯುತ್ತೇನೆ.

ಹಾಗೆಂದು ಈಗ ಇರುವ ಹಾಗೆಯೇ ಇರಲಿ ಎಂದು ನಾನು ಹೇಳುತ್ತಿಲ್ಲ. ಮೇ ತಿಂಗಳ ನಡುಹಗಲು, ನಲವತ್ತು ದಾಟಿದ ಬಿಸಿಲಿನಲ್ಲಿ, ಒಂದು ಟಾಂಗಾದಲ್ಲಿ ಏಳು ಜನ ಕೂತು ಇಬ್ರಾಹಿಂ ರೋಜಾಕ್ಕೆ ಹೊರಟದ್ದನ್ನು ನಾನೂ ನೋಡಿದ್ದೇನೆ, ಕೆಳಗಿಳಿಸಿ ಬೈದಿದ್ದೇನೆ. ಬೈಸಿಕೊಂಡವನು ಹೇಳಿದ್ದು: "ಸಾಹೇಬರೇ, ಇವತ್ತಿಗೆ ಇದೇ ಮೊದಲ ಬಾಡಿಗೆ. ಕಡಲೆಯ ಬೆಲೆ ನಿಮಗೆ ಗೊತ್ತಿಲ್ಲವೇ?" ಗೊತ್ತು. ದರ ನಿಗದಿ ಇಲ್ಲದಿರುವಾಗ ಪ್ರವಾಸಿಗರು ಹೆದರಿ ಆಟೋ ಹತ್ತುತ್ತಾರೆ. ಬಾಡಿಗೆ ಇಲ್ಲದವನು ಸಿಕ್ಕ ಒಂದೇ ಬಾಡಿಗೆಯಲ್ಲಿ ಏಳು ಜನರನ್ನು ತುಂಬುತ್ತಾನೆ. ಕುದುರೆಯ ಬೆನ್ನು ಮುರಿಯುತ್ತದೆ. ರೋಗ ಎಲ್ಲಿದೆ ಎಂದು ತಿಳಿಯಲು ಡಾಕ್ಟರ್ ಆಗಬೇಕಿಲ್ಲ.

ನಮ್ಮ ಊರು ಟಾಂಗಾಕ್ಕೆ ಹೇಳಿ ಮಾಡಿಸಿದ್ದು. ಗೋಳಗುಮ್ಮಟದಿಂದ ಹೊರಟು ಅಸರ್ ಮಹಲು, ಜುಮ್ಮಾ ಮಸೀದಿ, ಗಗನ ಮಹಲು, ಬಾರಾ ಕಮಾನು, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು ನೋಡಿ ಇಬ್ರಾಹಿಂ ರೋಜಾದಲ್ಲಿ ಇಳಿದರೆ ನೆಟ್ಟಗೆ ಅರ್ಧ ದಿನ. ನೆಲ ಸಮ, ಏರು ಇಳಿವು ಕಡಿಮೆ. ಗೋವಾ ಬಂದರಿಗೆ ಇಳಿದ ಅರಬ್ಬಿ ಕುದುರೆಗಳು ಆದಿಲಶಾಹಿಗಳ ಲಾಯಕ್ಕೆ ಬರುತ್ತಿದ್ದ ಊರಿದು. ಇಲ್ಲಿ ಕುದುರೆ ಹೊಸಬನಲ್ಲ, ಆಟೋ ಹೊಸಬ.

ಗೋಳಗುಮ್ಮಟದ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಲಂಪಾಂಗಿನ ಹೊರಗೆ ವಾಟ್ ಪ್ರಥಾಟ್ ಲಂಪಾಂಗ್ ಲುವಾಂಗ್ ಎಂಬ ಹಳೆಯ ಬೌದ್ಧ ದೇವಾಲಯವಿದೆ. ಅದರ ಆವರಣದ ಒಂದು ಸಣ್ಣ ಕತ್ತಲೆ ಕೋಣೆಯಲ್ಲಿ, ಬಾಗಿಲಿನ ಸಂದಿಯಿಂದ ಬರುವ ಬೆಳಕಿನಲ್ಲಿ ಹೊರಗಿನ ಸ್ತೂಪ ತಲೆಕೆಳಗಾಗಿ ಬಿಳಿ ಬಟ್ಟೆಯ ಮೇಲೆ ಬಣ್ಣ ಸಮೇತ ಮೂಡುತ್ತದೆ. ಅಲ್ಲಿ ಬೆಳಕಿನ ಆಟ, ನಮ್ಮ ಗುಮ್ಮಟದಲ್ಲಿ ಸದ್ದಿನ ಆಟ. ಆ ಕೋಣೆಯಲ್ಲಿ ಎಂಟು ಹತ್ತು ಜನರಿದ್ದರೂ ಉಸಿರಿನ ಸದ್ದು ಕೇಳುತ್ತಿತ್ತು. ನಮ್ಮ ಪಿಸುಗುಟ್ಟುವ ಗ್ಯಾಲರಿಯಲ್ಲಿ ಪಿಸುಗುಟ್ಟುವವರು ಯಾರಿದ್ದಾರೆ? ಈ ಬದಿಗೆ ಕಾಗದ ಹರಿದರೆ ಆ ಬದಿಗೆ ಕೇಳಬೇಕಾದ ಜಾಗದಲ್ಲಿ ಕೇಕೆ, ಸಿಳ್ಳೆ. ಆದರೆ ಅವರ ಕೋಣೆಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ನನ್ನ ಮಗಳು ಹೊರಗೆ ಬಿಸಿಲಿನಲ್ಲಿ ನಿಂತು, ನಾನು ಬಂದ ಮೇಲೆ ಅರ್ಧ ಗಂಟೆ ಮಾತು ಬಿಟ್ಟಳು. ಪಕ್ಕದ ವಿಹಾರದಲ್ಲಿ ಹೆಂಗಸರೂ ನೋಡಬಹುದಾದ ಅಂಥದೇ ನೆರಳನ್ನು ತೋರಿಸಿದರು. ಅದರಿಂದ ಅವಳ ಸಿಟ್ಟು ಇಳಿಯಲಿಲ್ಲ. ಸಿಟ್ಟು ನ್ಯಾಯವಾದದ್ದೇ. ನಮ್ಮ ಗುಮ್ಮಟದಲ್ಲಿ ಆ ಭೇದವಿಲ್ಲ, ಯಾರು ಬೇಕಾದರೂ ಕೂಗಬಹುದು.

ಅದೇ ದೇವಾಲಯದ ಸ್ತೂಪದ ಸುತ್ತಲಿನ ಹಿತ್ತಾಳೆಯ ಕಟಕಟೆಯಲ್ಲಿ ಒಂದು ತೂತು ಇದೆ. 1732ರಲ್ಲಿ ಥಿಪ್ ಚಾಂಗ್ ಎಂಬ ಸ್ಥಳೀಯ ವೀರ ದೇವಾಲಯದಲ್ಲಿ ಬೀಡುಬಿಟ್ಟಿದ್ದ ಶತ್ರು ನಾಯಕನನ್ನು ಕೊಂದಾಗ ಆದ ಗುಂಡಿನ ಗುರುತು. ಸುಮಾರು ಮುನ್ನೂರು ವರ್ಷಗಳಿಂದ ಆ ಒಂದು ತೂತನ್ನು ಜೋಪಾನ ಮಾಡಿಟ್ಟಿದ್ದಾರೆ. ನಮ್ಮ ಬಾರಾ ಕಮಾನಿನ ಕಲ್ಲುಗಳ ಮೇಲೆ ಮೊಳೆಯಿಂದ ಕೆತ್ತಿದ ಪ್ರೇಮಿಗಳ ಹೆಸರುಗಳನ್ನು ಎಣಿಸಲು ನನ್ನ ಅಳಿಯನಿಂದಲೂ ಆಗುವುದಿಲ್ಲ.

ಅಲ್ಲಿಂದ ತಂದದ್ದು ಎರಡು ಸಾಮಾನು. ಒಂದು, ಖಾವ್ ತೇನ್ ಎಂಬ ತಿನಿಸು: ಅಂಟಕ್ಕಿಯ ಅನ್ನವನ್ನು ಬಿಲ್ಲೆ ತಟ್ಟಿ ಒಣಗಿಸಿ ಕರಿದು ಮೇಲೆ ಬೆಲ್ಲದ ಪಾಕ ಸುರಿದದ್ದು; ನಮ್ಮ ಸಂಡಿಗೆಗೆ ಪಾಕ ಹಾಕಿದಂತೆ. ಮನೆಯಲ್ಲಿ ಒಂದೇ ದಿನದಲ್ಲಿ ಖಾಲಿ. ಇನ್ನೊಂದು, ಲಂಪಾಂಗಿನ ಬಿಳಿ ಜೇಡಿಮಣ್ಣಿನ ಪ್ರಸಿದ್ಧ ಪಿಂಗಾಣಿ ಬಟ್ಟಲು. ಅದರ ಮೇಲೆ ಹುಂಜದ ಚಿತ್ರವಿದೆ. ಹುಂಜವನ್ನು ಅಡುಗೆಮನೆಯೊಳಗೆ ಬಿಡುವುದಿಲ್ಲವೆಂದು ನಮ್ಮ ಮನೆಯವರು ಹೇಳಿದ್ದರಿಂದ ಈಗ ಅದು ನನ್ನ ಮೇಜಿನ ಮೇಲೆ ಪೆನ್ನು ಹಿಡಿದು ಕೂತಿದೆ.

ಸಂಬಂಧಪಟ್ಟವರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಗೋಳಗುಮ್ಮಟದ ಬಾಗಿಲ ಬಳಿ ಮತ್ತು ಸ್ಟೇಷನ್ ಎದುರು ನೆರಳಿನ ಚಪ್ಪರ, ಒಂದೊಂದು ನೀರಿನ ತೊಟ್ಟಿ. ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ದರದ ಹಲಗೆ: ಅರ್ಧ ಸುತ್ತಿಗೆ ಇಷ್ಟು, ಪೂರ್ತಿ ಸುತ್ತಿಗೆ ಇಷ್ಟು, ನಾಲ್ಕು ಜನರಿಗಿಂತ ಹೆಚ್ಚು ಇಲ್ಲ. ಮಾರ್ಚ್‌ನಿಂದ ಮೇ ಕೊನೆಯವರೆಗೆ ಹನ್ನೆರಡರಿಂದ ನಾಲ್ಕರವರೆಗೆ ಕುದುರೆಗೆ ರಜೆ. ತಿಂಗಳಿಗೊಮ್ಮೆ ಗೊರಸು ಮತ್ತು ಹಲ್ಲಿನ ತಪಾಸಣೆ; ಹುಣ್ಣಿದ್ದ ಕುದುರೆಗೆ ಆ ವಾರ ಗಾಡಿ ಕಟ್ಟುವಂತಿಲ್ಲ, ಆ ವಾರದ ಮೇವಿನ ಖರ್ಚು ಟಾಂಗಾದವನ ತಲೆಗೆ ಬೀಳುವಂತೆಯೂ ಇಲ್ಲ. ಈ ಕೊನೆಯ ಮಾತು ಸೇರದಿದ್ದರೆ ಯಾರೂ ಹುಣ್ಣು ತೋರಿಸುವುದಿಲ್ಲ, ಜೀನಿನ ಕೆಳಗೆ ಮುಚ್ಚಿಡುತ್ತಾರೆ.

ತಪಾಸಣೆಗೆ ಸಂಬಳ ಕೊಡಬೇಕಾಗಿಲ್ಲ. ನನ್ನ ಬಳಿ ಗೊರಸು ಕತ್ತರಿಸುವ ಬಾಗಿದ ಚೂರಿ, ಎರಡು ಅರ, ಇಕ್ಕಳ ಇನ್ನೂ ಇವೆ, ಎಣ್ಣೆ ಸವರಿ ಇಟ್ಟಿದ್ದೇನೆ. ಪ್ರತಿ ತಿಂಗಳ ಮೊದಲ ಸೋಮವಾರ ಬೆಳಗ್ಗೆ ಏಳಕ್ಕೆ ಬರುತ್ತೇನೆ. ನೆರಳಿರುವ ಒಂದು ಜಾಗ ಮತ್ತು ನೀರು ಬರುವ ಒಂದು ನಲ್ಲಿ ತೋರಿಸಿದರೆ ಸಾಕು. ಟಾಂಗಾ ತೆಗೆಯಿರಿ ಎಂದು ಬರೆದ ಓದುಗರೂ ಬರಲಿ. ಕಾಲು ಹಿಡಿಯಲು ಒಬ್ಬರು ಬೇಕಾಗುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ಪಶು ವೈದ್ಯಕೀಯ ಪರೀಕ್ಷಕ, ವಿಜಯಪುರ