ನೂರು ಗೆರೆ

ಪ್ರೀತಿಯ ಅಪ್ಪ,

ನಾನು ಚೆನ್ನಾಗಿದ್ದೇನೆ. ಹೋದ ಸಲ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. "ಚಿತ್ರ ಬರೆಯೋಕೆ ಹೋದವಳು ಬರೀ ಓದ್ತಾ ಕೂತಿದ್ದೀಯಲ್ಲ, ಕುಂಚ ಹಿಡಿಯೋದು ಯಾವಾಗ?" ಅಂದಿರಿ. ನಾನು ನಕ್ಕು ಮಾತು ಬದಲಿಸಿದೆ. ನಿಜ ಹೇಳಬೇಕೆಂದರೆ ನನಗೂ ಅದೇ ಚಿಂತೆ ಇತ್ತು. ಫೋನಿನಲ್ಲಿ ಮುಗಿಯುವ ವಿಷಯವಲ್ಲ, ಅದಕ್ಕೇ ಈ ಪತ್ರ.

ಮೊದಲ ಟರ್ಮ್‌ನಲ್ಲಿ ಚೆನ್ನಾಗಿ ಪೆಟ್ಟು ತಿಂದೆ. ಸಿದ್ಧಾಂತದ ತರಗತಿಯಲ್ಲಿ ಏನು ಓದುತ್ತಿದ್ದೆನೋ ಅದನ್ನೇ ಸ್ಟುಡಿಯೋದಲ್ಲಿ ಮಾಡಲು ಹೊರಟೆ. ನೆನಪು, ಗುರುತು, ಇಲ್ಲದಿರುವಿಕೆ ಅಂತ ದೊಡ್ಡ ದೊಡ್ಡ ಮಾತು. ಒಂದು ಖಾಲಿ ಚೌಕಟ್ಟು ನೇತುಹಾಕಿ ಪಕ್ಕದಲ್ಲಿ ಎರಡು ಪುಟದ ವಿವರಣೆ ಅಂಟಿಸಿದೆ. ಇಲ್ಲಿ 'ಕ್ರಿಟ್' ಅಂತ ಒಂದು ಇದೆ. ಎಲ್ಲರೂ ಸುತ್ತ ನಿಂತು ಕೆಲಸ ನೋಡಿ ಮಾತಾಡುತ್ತಾರೆ. ಮಾಡಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಒಬ್ಬ ಸಹಪಾಠಿ ವಿವರಣೆಯನ್ನು ಪೂರ್ತಿ ಓದಿ, "ಇದನ್ನು ಓದಿದ ಮೇಲೆ ಚೌಕಟ್ಟು ನೋಡುವ ಅಗತ್ಯವೇ ಇಲ್ಲ" ಅಂದ. ಎರಡು ದಿನ ಸ್ಟುಡಿಯೋ ಕಡೆ ತಲೆ ಹಾಕಲಿಲ್ಲ. ಆದರೆ ಅವನು ಹೇಳಿದ್ದು ಸರಿಯಾಗಿತ್ತು.

ಮೊದಲು ಸಿದ್ಧಾಂತ, ಆಮೇಲೆ ಕೃತಿ ಅಂತ ನಾನು ಅಂದುಕೊಂಡಿದ್ದೆ. ಎಷ್ಟೋ ಸಲ ಆಗಿರುವುದು ಉಲ್ಟಾ. 1964ರಲ್ಲಿ ಆಂಡಿ ವಾರ್ಹಾಲ್ ಎಂಬ ಕಲಾವಿದ ನ್ಯೂಯಾರ್ಕಿನ ಒಂದು ಗ್ಯಾಲರಿಯಲ್ಲಿ ಪ್ಲೈವುಡ್ ಪೆಟ್ಟಿಗೆಗಳನ್ನು ಒಟ್ಟಿಟ್ಟ. ಪಾತ್ರೆ ಉಜ್ಜುವ ಬ್ರಿಲ್ಲೋ ಪ್ಯಾಡ್ ತುಂಬಿಸಿ ಅಂಗಡಿಗೆ ಕಳಿಸುವ ರಟ್ಟಿನ ಪೆಟ್ಟಿಗೆ ಇರುತ್ತದಲ್ಲ, ನೋಡಲು ಥೇಟ್ ಅದೇ. ಆರ್ಥರ್ ಡಾಂಟೊ ಎಂಬ ತತ್ವಶಾಸ್ತ್ರದ ಮೇಷ್ಟ್ರು ಅದನ್ನು ನೋಡಿದರು. ತಲೆಗೆ ಹುಳ ಬಿಟ್ಟ ಹಾಗಾಯಿತು. ಕಣ್ಣಿಗೆ ಎರಡೂ ಒಂದೇ, ಮತ್ತೆ ಅಂಗಡಿಯದು ಬರೀ ಪೆಟ್ಟಿಗೆ, ಇದು ಕಲೆ ಹೇಗೆ? ಅದೇ ವರ್ಷ ಒಂದು ಪ್ರಬಂಧ ಬರೆದರು. ವ್ಯತ್ಯಾಸ ಕಣ್ಣಿಗೆ ಸಿಗುವಂಥದ್ದಲ್ಲ, ಕಲೆಯ ಇತಿಹಾಸ ಮತ್ತು ಅದರ ಸುತ್ತಲಿನ ವಿಚಾರ ಗೊತ್ತಿದ್ದವರಿಗೆ ಅದು ಕಲೆಯಾಗಿ ಕಾಣುತ್ತದೆ ಅನ್ನುವುದು ಅದರ ಸಾರ. ಅಂದರೆ ಪೆಟ್ಟಿಗೆ ಮೊದಲು ಬಂತು, ಸಿದ್ಧಾಂತ ಏದುಸಿರು ಬಿಡುತ್ತಾ ಹಿಂದೆ ಬಂತು. ಇನ್ನೊಂದು ಕೇಳಿ. ಅಸಲಿ ಪೆಟ್ಟಿಗೆಯ ವಿನ್ಯಾಸ ಮಾಡಿದ ಜೇಮ್ಸ್ ಹಾರ್ವಿ ಕೂಡ ಚಿತ್ರಕಾರನೇ. ಹೊಟ್ಟೆಪಾಡಿಗೆ ಪೆಟ್ಟಿಗೆ, ಉಳಿದ ಹೊತ್ತು ಅಮೂರ್ತ ಚಿತ್ರ. ಹೆಸರು ಬಂದದ್ದು ಮಾತ್ರ ವಾರ್ಹಾಲ್‌ಗೆ. ಪಾಪ ಅಲ್ವಾ?

ಆದರೆ ನನ್ನ ತಲೆ ತಿರುಗಿಸಿದ್ದು ಸಾಲ್ ಲೆವಿಟ್ ಎಂಬ ಅಮೆರಿಕದ ಕಲಾವಿದ. ಕಲ್ಪನೆಯೇ ಕಲೆಯನ್ನು ಮಾಡುವ ಯಂತ್ರ ಅಂತ 1967ರಲ್ಲಿ ಬರೆದವನು. ಮರುವರ್ಷದಿಂದ ಗೋಡೆ ಚಿತ್ರ ಶುರು ಮಾಡಿದ. ಬರಬರುತ್ತಾ ಇವನು ಸೂಚನೆ ಬರೆದು ಕೊಡುವುದು, ಬೇರೆಯವರು ಗೋಡೆ ಮೇಲೆ ಎಳೆಯುವುದು. 2007ರಲ್ಲಿ ಅವನು ತೀರಿಕೊಂಡ. ಚಿತ್ರಗಳನ್ನು ಜನ ಇನ್ನೂ ಎಳೆಯುತ್ತಲೇ ಇದ್ದಾರೆ. ಇದನ್ನು ಓದಿ, ಓಹೋ, ಹಾಗಾದರೆ ಕೈಗೆ ಕೆಲಸವೇ ಇಲ್ಲ ಅಂದುಕೊಂಡೆ.

ಆಮೇಲೆ ನಮಗೂ ಅದೇ ಅಭ್ಯಾಸ ಕೊಟ್ಟರು. ನನ್ನ ಸೂಚನೆ ಹೀಗಿತ್ತು: "ಎಡದಿಂದ ಬಲಕ್ಕೆ 100 ನೇರ ಗೆರೆ. ಸ್ಕೇಲ್ ಬಳಸಬಾರದು. ಒಂದು ಗೆರೆ ಇನ್ನೊಂದಕ್ಕೆ ತಾಗಬಾರದು." ಎಳೆದವಳು ನನ್ನ ತರಗತಿಯವಳು. ಮೇಲಿನಿಂದ ಶುರು ಮಾಡಿದಳು. ತೋಳು ಪೂರ್ತಿ ಚಾಚಿದ ಕಡೆ ಮೊದಲ ಗೆರೆ ಚೂರು ಕೆಳಗಿಳಿಯಿತು. ತಾಗಿಬಿಟ್ಟೀತು ಅಂತ ಎರಡನೆಯದು ಇನ್ನೂ ಸ್ವಲ್ಪ ಇಳಿಯಿತು. 60 ದಾಟುವ ಹೊತ್ತಿಗೆ ಗೋಡೆ ತುಂಬ ಒದ್ದೆ ಬಟ್ಟೆ ಜೋತುಬಿದ್ದ ಹಾಗೆ ಕಾಣುತ್ತಿತ್ತು. ಕೊನೆಗೆ ಜಾಗ ಸಾಲದೆ ನೆಲದ ಮೇಲೆ ಮಲಗಿಕೊಂಡು, ಕೂದಲೆಳೆಯಷ್ಟು ಜಾಗ ಬಿಟ್ಟು ಎಳೆದಳು. 100 ಆಯಿತು.

ನನ್ನ ಸೂಚನೆಯಲ್ಲಿ ಆ ಜೋಲು ಇರಲಿಲ್ಲ. ಆದರೆ 'ತಾಗಬಾರದು' ಎಂಬ ಮಾತು ಇಲ್ಲದಿದ್ದರೆ ಅದು ಹುಟ್ಟುತ್ತಲೂ ಇರಲಿಲ್ಲ. ಗೋಡೆ ಮುಂದೆ ತುಂಬ ಹೊತ್ತು ನಿಂತಿದ್ದೆ. ಒಬ್ಬೊಬ್ಬರು ಗೆರೆಯನ್ನು ಒಂದೊಂದು ಥರ ಎಳೆಯುತ್ತಾರೆ, ಮಾತನ್ನು ಒಂದೊಂದು ಥರ ಅರ್ಥ ಮಾಡಿಕೊಳ್ಳುತ್ತಾರೆ ಅಂತ ಲೆವಿಟ್ 1971ರಲ್ಲೇ ಬರೆದಿದ್ದ. ಪರೀಕ್ಷೆಗೆಂದು ಓದುವಾಗ ಆ ಸಾಲನ್ನು ಸುಮ್ನೆ ದಾಟಿ ಹೋಗಿದ್ದೆ.

ಎಲ್ಲ ಪುಸ್ತಕವೂ ಹೀಗೆ ದಕ್ಕುತ್ತದೆ ಅಂತಲ್ಲ. ಕೆಲವರು ಅರ್ಧ ಪುಟಕ್ಕೊಂದು ವಾಕ್ಯ ಬರೆಯುತ್ತಾರೆ, ಅದು ಬೇಕೆಂದೇ ಮಾಡುವುದು ಅಂತ ನನ್ನ ಅನುಮಾನ. ಹಕ್ಕಿಗೆ ಪಕ್ಷಿಶಾಸ್ತ್ರ ಎಷ್ಟು ಬೇಕೋ ಕಲಾವಿದನಿಗೆ ಸೌಂದರ್ಯಶಾಸ್ತ್ರ ಅಷ್ಟೇ ಬೇಕು ಅಂತ ಬಾರ್ನೆಟ್ ನ್ಯೂಮನ್ ಎಂಬ ಚಿತ್ರಕಾರ ತಮಾಷೆ ಮಾಡಿದ್ದ. ನೀವೂ ಅವನ ಕಡೆಯೇ ಇರುತ್ತೀರಿ, ಗೊತ್ತು. ಆದರೆ ಅಪ್ಪ, ಅವನೂ ಲೇಖನದ ಮೇಲೆ ಲೇಖನ ಬರೆದವನೇ!

ಈಗ ನಿಮಗೊಂದು ಕೆಲಸ. ಬಿಳಿ ಹಾಳೆ, ಪೆನ್ಸಿಲ್, 20 ಗೆರೆ, ಅದೇ ಸೂಚನೆ. ಅಮ್ಮನಿಗೆ ಬೇರೆ ಹಾಳೆ ಕೊಡಿ. ಮುಗಿಯುವ ತನಕ ಒಬ್ಬರದನ್ನೊಬ್ಬರು ನೋಡಬೇಡಿ. ಫೋಟೋ ಬೇಡ, ಹಾಳೆಯನ್ನೇ ಅಂಚೆಯಲ್ಲಿ ಕಳಿಸಿ. ಯಾರು ಎಷ್ಟು ಒತ್ತಿ ಎಳೆದಿದ್ದೀರಿ ಅಂತ ಹಿಂಬದಿಯಿಂದ ಬೆರಳಾಡಿಸಿ ನೋಡಬೇಕು.

ನಿಮ್ಮ ಮಗಳು